ಲೇಡಿ ಡಾಕ್ಟರ್ ಇದ್ದಾರೆಯೇ?

ನಮ್ಮ ಅಜ್ಜಿ ಯಾವ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮುನ್ನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: ‘ಲೇಡಿ ಡಾಕ್ಟರ್ ಇದ್ದಾರೆಯೇ?’ ಜ್ವರ ಬಂದರೂ ಅದೇ, ಮಂಡಿ ಹಿಡಿದುಕೊಂಡರೂ ಅದೇ. ಇಲ್ಲ ಎಂದರೆ ‘ಹಾಗಾದರೆ ಇನ್ನೊಂದು ದಿನ ನೋಡೋಣ’ ಎಂದು ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದಳು. ಮೊಮ್ಮಕ್ಕಳಾದ ನಾವು ಅವಳ ದನಿಯನ್ನು ಅನುಕರಿಸಿ ಆ ಪ್ರಶ್ನೆಯನ್ನು ಹೇಳಿಕೊಂಡು ಮನೆಯೆಲ್ಲ ಓಡಾಡುತ್ತಿದ್ದೆವು. ಅಜ್ಜಿ ತೀರಿಕೊಂಡು ವರ್ಷಗಳು ಕಳೆದಿವೆ. ಆ ಪ್ರಶ್ನೆ ಮಾತ್ರ ಇನ್ನೂ ನನ್ನ ಕಿವಿ ಬಿಟ್ಟಿಲ್ಲ.

ನಾನು ಎಂಟನೇ ತರಗತಿಯಲ್ಲಿದ್ದ ವರ್ಷದ ನರಕ ಚತುರ್ದಶಿ. ನಸುಕಿನಲ್ಲಿ ಹಂಡೆಯ ನೀರು ಕುದಿಯುತ್ತಿತ್ತು. ಬಚ್ಚಲಲ್ಲಿ ಅಮ್ಮ ಅಜ್ಜಿಯ ಬೆನ್ನಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ನಾನು ಬಾಗಿಲ ಬಳಿ ಸೀಗೆಪುಡಿಯ ಬಟ್ಟಲು ಹಿಡಿದು ನಿಂತಿದ್ದೆ. ಅಮ್ಮನ ಕೈ ಬೆನ್ನಿನಿಂದ ಕಂಕುಳ ಕಡೆಗೆ ಜಾರಿ ಅಲ್ಲೇ ನಿಂತುಬಿಟ್ಟಿತು. ‘ಕೈ ತೆಗೆ’ ಎಂದಳು ಅಜ್ಜಿ. ಆ ಎರಡು ಮಾತಿನಲ್ಲಿ ಸಿಟ್ಟಿರಲಿಲ್ಲ, ಸಿಕ್ಕಿಬಿದ್ದವರ ಆಯಾಸವಿತ್ತು. ಎದೆಯ ಪಕ್ಕದ ಗಂಟು ಆಗಲೇ ನೆಲ್ಲಿಕಾಯಿಯಷ್ಟಿತ್ತು. ಎಷ್ಟು ದಿನದಿಂದ ಎಂದು ಅಮ್ಮ ಕೇಳಿದಾಗ ಅಜ್ಜಿ ತಿಂಗಳ ಲೆಕ್ಕ ಕೊಡಲಿಲ್ಲ. ನನ್ನ ಚಿಕ್ಕ ತಮ್ಮನ ನಾಮಕರಣದ ದಿನ ಮೊದಲು ಕೈಗೆ ಸಿಕ್ಕಿತು ಎಂದಳು. ತಮ್ಮ ಆ ಹೊತ್ತಿಗೆ ನಡುಮನೆಯಲ್ಲಿ ಮತಾಪು ಬೇಕೆಂದು ಹಟ ಹಿಡಿದು ಓಡಾಡುತ್ತಿದ್ದ.

ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಒಳ್ಳೆಯ ವೈದ್ಯರಿದ್ದರು. ರಾತ್ರಿ ಬಾಗಿಲು ತಟ್ಟಿದರೂ ಎದ್ದು ಬರುತ್ತಿದ್ದ ಮನುಷ್ಯ. ಆದರೆ ಗಂಡಸು. ‘ನನ್ನ ಮಗನ ವಯಸ್ಸಿನವರಿಗೆ ಹೇಗೆ ತೋರಿಸಲಿ?’ ಎಂಬುದು ಅಜ್ಜಿಯ ಉತ್ತರ. ಮಹಿಳಾ ವೈದ್ಯರ ಹುದ್ದೆ ಖಾಲಿ ಬಿದ್ದು ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಅಜ್ಜಿ ಎಷ್ಟು ಸಲ ಹೋಗಿ ಆ ಪ್ರಶ್ನೆ ಕೇಳಿ ಹಿಂದಿರುಗಿದ್ದಳೋ ನಮಗೆ ತಿಳಿಯದು. ಮಂಡಿನೋವೆಂದು ನಾವು ತಿಳಿದಿದ್ದೆವು.

ಕಡೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಇದ್ದದ್ದು ನರೆತ ಕೂದಲಿನ, ದಪ್ಪ ಕನ್ನಡಕದ ವೈದ್ಯೆ. ಅಜ್ಜಿ ಮಂಚದ ಅಂಚಿನಲ್ಲಿ ಕುಳಿತು ಸೆರಗನ್ನು ಎದೆಯ ಮೇಲೆ ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಆ ವೈದ್ಯೆ ಅವಸರಿಸಲಿಲ್ಲ. ತಮ್ಮ ಎರಡು ಅಂಗೈಗಳನ್ನು ಒಂದಕ್ಕೊಂದು ಉಜ್ಜುತ್ತ, ‘ಕೈ ತಣ್ಣಗಿದೆ ಅಮ್ಮಾ, ಒಂದು ನಿಮಿಷ ಇರಿ’ ಎಂದರು. ಉಜ್ಜಿದರು, ಊದಿಕೊಂಡರು, ತಮ್ಮ ಕೆನ್ನೆಗೆ ಮುಟ್ಟಿಸಿ ನೋಡಿಕೊಂಡರು. ಅಜ್ಜಿಯ ಮುಷ್ಟಿ ಮೆಲ್ಲಗೆ ಸಡಿಲಾಯಿತು. ನಾನು ಅಷ್ಟು ಹತ್ತಿರ ನಿಂತು ನೋಡಿದ ಮೊದಲ ವೈದ್ಯಕೀಯ ಕ್ರಿಯೆ ಅದು.

ಗಂಟು ತಡವಾಗಿ ಸಿಕ್ಕಿತ್ತು. ಅಜ್ಜಿ ಮತ್ತೊಂದೂವರೆ ವರ್ಷ ಇದ್ದಳು.

ಕಾಯುವ ಕುರ್ಚಿಯಲ್ಲಿ

ಕಳೆದ ವರ್ಷ ಅಮ್ಮನ ಕಣ್ಣಿನ ಪರೀಕ್ಷೆಗೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿದ್ದೆ. ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗುವ ತನಕ ಕೂರಿಸಿದ್ದರು. ಅಮ್ಮ ಕಣ್ಣು ಮುಚ್ಚಿ ಕುಳಿತಿದ್ದಳು. ಸುಮ್ಮನೆ ಕೂರಲಾಗದೆ, ಇಷ್ಟು ದೊಡ್ಡ ಸಂಸ್ಥೆಯನ್ನು ಮೊದಲು ಕನಸಿದವರು ಯಾರಿರಬಹುದು ಎಂದು ಮೊಬೈಲಿನಲ್ಲಿ ಹುಡುಕತೊಡಗಿದೆ. ಹುಡುಕಾಟ ಎಲ್ಲೆಲ್ಲೋ ಸುತ್ತಿ ಗುಂಟೂರಿಗೆ ಬಂದು ನಿಂತಿತು. ಗುಂಟೂರೆಂದರೆ ಅಷ್ಟರವರೆಗೆ ನನಗೆ ಮೆಣಸಿನಕಾಯಿ ಮಾತ್ರ. ಅಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ವೈದ್ಯೆಯಾಗಿದ್ದ ಮೇರಿ ಗ್ಲೌರಿ ಎಂಬ ಸನ್ಯಾಸಿನಿಗೆ ಭಾರತದಲ್ಲೊಂದು ಕ್ಯಾಥೊಲಿಕ್ ವೈದ್ಯಕೀಯ ಕಾಲೇಜು ಆಗಬೇಕೆಂಬ ಹಂಬಲವಿತ್ತು. ಕಾಲೇಜು ಬಂದದ್ದು 1963ರಲ್ಲಿ. ಅವರು ಅದಕ್ಕೂ ಆರು ವರ್ಷ ಮೊದಲು, 1957ರ ಮೇ 5ರಂದು ತೀರಿಕೊಂಡಿದ್ದರು. ಎಲ್ಲಿ ಎಂದು ನೋಡಿದೆ: ಇದೇ ಬೆಂಗಳೂರಿನಲ್ಲಿ. ಕಾಯಿಲೆ ಕ್ಯಾನ್ಸರ್.

ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತೆ. ಅಂದಿನಿಂದ ಆ ಹೆಂಗಸಿನ ಬೆನ್ನು ಹತ್ತಿದ್ದೇನೆ.

ಮೇರಿ ಹುಟ್ಟಿದ್ದು 1887ರ ಜೂನ್‌ನಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬದಲ್ಲಿ. ಒಂಬತ್ತು ಮಕ್ಕಳಲ್ಲಿ ಮೂರನೆಯವರು. ಬೆಳೆದದ್ದು ಮ್ಯಾಲಿ ಎಂದು ಕರೆಯುವ ಒಣ ಬಯಲಿನ ವಾಚೆಮ್ ಎಂಬ ಪುಟ್ಟ ಊರಿನಲ್ಲಿ. ಗೋಧಿ, ದೂಳು, ಮಳೆಯ ಕೊರತೆ. ಅಲ್ಲಿನ ವಿವರ ಓದುವಾಗ ನಮ್ಮ ಪಾವಗಡ, ಮಧುಗಿರಿಯ ಕಡೆಯ ಬೇಸಿಗೆ ಕಣ್ಣ ಮುಂದೆ ಬರುತ್ತದೆ. ಐರ್ಲೆಂಡ್ ಬಿಟ್ಟು ಬಂದ ಜನ ಮಣ್ಣನ್ನು ಬಿಟ್ಟು ಬಂದರೂ ಜಪಮಾಲೆಯನ್ನು ಬಿಟ್ಟು ಬಂದಿರಲಿಲ್ಲ. ಪ್ರತಿ ಸಂಜೆ ಮನೆಮಂದಿಯೆಲ್ಲ ಕುಳಿತು ಜಪ ಮಾಡುವಾಗ ಆ ಮನೆಯಲ್ಲೊಂದು ಹೆಚ್ಚಿನ ಬೇಡಿಕೆ ಸೇರುತ್ತಿತ್ತಂತೆ: ಒಳ್ಳೆಯ ಪಾದ್ರಿಗಳನ್ನು, ಒಳ್ಳೆಯ ವೈದ್ಯರನ್ನು ಕೊಡು ದೇವರೇ ಎಂದು. ವೈದ್ಯರಿಲ್ಲದ ಊರಿನವರು ಮಾತ್ರ ಹೀಗೆ ಬೇಡಬಲ್ಲರು. ಮನೆಯ ಮಗಳೇ ಆ ಬೇಡಿಕೆಗೆ ಉತ್ತರವಾಗುತ್ತಾಳೆಂದು ತಾಯಿ ಅಂದುಕೊಂಡಿದ್ದರೋ ಇಲ್ಲವೋ.

ವಿದ್ಯಾರ್ಥಿವೇತನ ಗಿಟ್ಟಿಸಿ ಮೆಲ್ಬರ್ನ್ ವಿಶ್ವವಿದ್ಯಾಲಯ ಸೇರಿದ ಮೇರಿ ಮೊದಲು ಕಲಾ ವಿಭಾಗದಲ್ಲಿದ್ದು ಆಮೇಲೆ ವೈದ್ಯಕೀಯಕ್ಕೆ ಹೊರಳಿ 1910ರಲ್ಲಿ ಪದವಿ ಪಡೆದರು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಆಸ್ಪತ್ರೆಯಲ್ಲಿ ಕೆಲಸ ಕಲಿತು ಮೆಲ್ಬರ್ನ್‌ಗೆ ಹಿಂದಿರುಗಿದರು. ಅಲ್ಲಿ ಅವರು ದುಡಿದ ಆಸ್ಪತ್ರೆಗಳಲ್ಲಿ ಒಂದರ ಕಥೆ ನನಗೆ ಬಹಳ ಹಿಡಿಸಿತು. ಕ್ವೀನ್ ವಿಕ್ಟೋರಿಯಾ ಆಸ್ಪತ್ರೆ ಎಂದು ಅದರ ಹೆಸರು. ಹೆಂಗಸರಿಗಾಗಿ ಹೆಂಗಸರೇ ನಡೆಸುವ ಆಸ್ಪತ್ರೆ ಬೇಕೆಂದು ಕಾನ್‌ಸ್ಟನ್ಸ್ ಸ್ಟೋನ್ ಮತ್ತು ಜೊತೆಯ ವೈದ್ಯೆಯರು ಹೊರಟಾಗ, 1897ರಲ್ಲಿ, ವಿಕ್ಟೋರಿಯಾದ ಹೆಂಗಸರೆಲ್ಲ ತಲಾ ಒಂದು ಶಿಲಿಂಗ್ ಕೊಡಿ ಎಂದು ಕೇಳಿದರು. ಆ ಶಿಲಿಂಗುಗಳಿಂದ 1899ರಲ್ಲಿ ಆಸ್ಪತ್ರೆಯ ಬಾಗಿಲು ತೆರೆಯಿತು. ನಮ್ಮ ಅಜ್ಜಿಯನ್ನು ಕೇಳಿದ್ದರೆ ಅಕ್ಕಿಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದ ದುಡ್ಡನ್ನು ಅವಳೂ ತೆಗೆದುಕೊಡುತ್ತಿದ್ದಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಒಂದು ಕಿರುಹೊತ್ತಗೆ

1915ರ ಅಕ್ಟೋಬರ್ 24. ಮೊದಲ ಮಹಾಯುದ್ಧದ ಎರಡನೆಯ ವರ್ಷ. ಆಸ್ಟ್ರೇಲಿಯಾದ ಸೈನಿಕರು ಕಾದಾಡುತ್ತಿದ್ದ ತುರ್ಕಿಯ ಗಲಿಪೊಲಿಯಿಂದ ಸಾವಿನ ಸುದ್ದಿ ಬರುತ್ತಿದ್ದ ಕಾಲ. ಮೇರಿಗೆ ಇಪ್ಪತ್ತೆಂಟು ವರ್ಷ. ಮೆಲ್ಬರ್ನ್‌ನ ಪ್ರತಿಷ್ಠಿತ ಕಾಲಿನ್ಸ್ ಸ್ಟ್ರೀಟ್‌ನಲ್ಲಿ ಸ್ವಂತ ಚಿಕಿತ್ಸಾಲಯ, ಕಣ್ಣು ಮತ್ತು ಕಿವಿಯ ಆಸ್ಪತ್ರೆಯಲ್ಲೂ ಕೆಲಸ. ಹೊರಗಿನಿಂದ ನೋಡಿದವರಿಗೆ ನೆಲೆ ಕಂಡ ಬದುಕು. ಆ ದಿನ ಅವರ ಕೈಗೆ ಒಂದು ಕಿರುಹೊತ್ತಗೆ ಸಿಕ್ಕಿತು. ಆಗ್ನೆಸ್ ಮೆಕ್‌ಲಾರೆನ್ ಎಂಬ ವೈದ್ಯೆಯ ಬದುಕು ಅದರಲ್ಲಿತ್ತು. ಭಾರತದಲ್ಲಿ ಆರೈಕೆಯಿಲ್ಲದೆ ಸಾಯುತ್ತಿದ್ದ ಶಿಶುಗಳ ವಿಷಯವೂ ಇತ್ತು. ಓದಿ ಮುಗಿಸಿ ಮೊಣಕಾಲೂರಿದರಂತೆ. ಬದುಕಿನ ಕೆಲಸ ಯಾವುದೆಂಬುದು ಆಗ ತಿಳಿದುಹೋಯಿತು ಎಂದು ಮುಂದೆ ಅವರೇ ನೆನಪಿಸಿಕೊಂಡಿದ್ದಾರೆ.

ಇಂಥ ಗಳಿಗೆಗಳ ಬಗ್ಗೆ ಓದುವಾಗ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ಒಂದು ಗಳಿಗೆಯಲ್ಲಿ ಕಣ್ಣು ತುಂಬುವುದು ನಮಗೆಲ್ಲ ಆಗುತ್ತದೆ, ಮರುದಿನ ಹಾಲು, ತರಕಾರಿ, ಬಸ್ಸು ಎಂದು ಅದು ಕರಗಿಯೂ ಹೋಗುತ್ತದೆ. ಮೇರಿಯ ವಿಷಯದಲ್ಲಿ ನನ್ನನ್ನು ಹಿಡಿದದ್ದು ಮೊಣಕಾಲೂರಿದ ಗಳಿಗೆಗಿಂತ ಅದರ ನಂತರದ ನಾಲ್ಕು ವರ್ಷ. ಅವರು ಮರುದಿನವೇ ಹಡಗು ಹತ್ತಲಿಲ್ಲ. ರೋಗಿಗಳನ್ನು ನೋಡಿದರು. 1916ರಲ್ಲಿ ಕ್ಯಾಥೊಲಿಕ್ ಮಹಿಳೆಯರ ಸಮಾಜಸೇವಾ ಸಂಘವೊಂದು ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯಾದರು. ಜೊತೆಗೆ ಮತ್ತೆ ಓದಿಗೆ ಕುಳಿತು 1919ರಲ್ಲಿ ಎಂ.ಡಿ. ಪಡೆದರು. ಆರಿಸಿಕೊಂಡ ವಿಷಯಗಳನ್ನು ನೋಡಿ: ಹೆರಿಗೆ, ಸ್ತ್ರೀರೋಗ, ಕಣ್ಣು. ಹೋಗಬೇಕಾದ ಊರಿನ ಹೆಂಗಸರಿಗೆ ಏನೇನು ಬೇಕೋ ಅದನ್ನೇ ಒಂದೊಂದಾಗಿ ಗಂಟು ಕಟ್ಟಿಕೊಂಡರು. ದೂರದ ಪಯಣಕ್ಕೆ ಬುತ್ತಿ ಕಟ್ಟುವವರ ನಿಗಾ ಅದು.

ಆ ಹೊತ್ತಗೆಯ ಆಗ್ನೆಸ್ ಮೆಕ್‌ಲಾರೆನ್ ಯಾರು ಎಂಬುದನ್ನೂ ಹೇಳಬೇಕು, ಏಕೆಂದರೆ ಈ ಕಥೆಯ ಬೇರು ಅಲ್ಲಿದೆ. ಎಡಿನ್‌ಬರೋದ ಸಂಸದರೊಬ್ಬರ ಮಗಳು, 1837ರಲ್ಲಿ ಹುಟ್ಟಿದವರು. ಬ್ರಿಟನ್ನಿನಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯದ ಬಾಗಿಲು ಮುಚ್ಚಿದ್ದರಿಂದ ಫ್ರಾನ್ಸಿನ ಮಾಂಪೆಲಿಯೆಗೆ ಹೋಗಿ ಓದಿದರು. ಆದರೆ ಪದವಿ ಸಿಕ್ಕಿದರೆ ಸಾಲದು, ವೃತ್ತಿ ಮಾಡಲು ನೋಂದಣಿ ಬೇಕು. ಹೆಂಗಸರನ್ನು ಪರೀಕ್ಷೆಗೆ ಕೂರಿಸಲು ಒಂದು ಸಂಸ್ಥೆಯೂ ಸಿದ್ಧವಿರಲಿಲ್ಲ. ಆಗ ಮೊದಲು ಬಾಗಿಲು ತೆರೆದದ್ದು ಲಂಡನ್ ಅಲ್ಲ, ಎಡಿನ್‌ಬರೋ ಅಲ್ಲ, ಡಬ್ಲಿನ್. ಐರ್ಲೆಂಡಿನ ಕಿಂಗ್ ಆಂಡ್ ಕ್ವೀನ್ಸ್ ಕಾಲೇಜ್ ಆಫ್ ಫಿಸಿಷಿಯನ್ಸ್ 1877ರಲ್ಲಿ ಹೆಂಗಸರಿಗೆ ಪರವಾನಗಿ ಕೊಡಲು ಒಪ್ಪಿತು. ಮರುವರ್ಷ ಆಗ್ನೆಸ್ ಅಲ್ಲಿಂದಲೇ ಪರವಾನಗಿ ಪಡೆದರು. ಬೊಂಬಾಯಿಯ ಕಾಮಾ ಆಸ್ಪತ್ರೆಗೆ ಬಂದ ಈಡಿತ್ ಪೀಚೀ ಕೂಡ ಡಬ್ಲಿನ್ನಿನ ಆ ಬಾಗಿಲಿನಿಂದಲೇ ಹೊರಬಂದವರು. ತಾನೇ ಪರರ ಆಳ್ವಿಕೆಯಲ್ಲಿದ್ದ, ಬಡತನ ಮತ್ತು ಬರ ಕಂಡಿದ್ದ ಒಂದು ಪುಟ್ಟ ದ್ವೀಪ ಎಲ್ಲೆಲ್ಲಿಯ ಹೆಂಗಸರ ಕೈಗೋ ಸ್ಟೆಥೊಸ್ಕೋಪು ಕೊಟ್ಟಿತು. ನಾನು ಐರ್ಲೆಂಡಿಗೆ ಋಣಿಯೆಂದು ಅಂದುಕೊಳ್ಳುವುದಕ್ಕೆ ಇದೊಂದೇ ಸಾಕು.

ಆಗ್ನೆಸ್ ಕ್ಯಾಥೊಲಿಕ್ ಆದದ್ದು ಅರವತ್ತು ದಾಟಿದ ಮೇಲೆ. ಆಗಿನ ಭಾರತದ ರಾವಲ್ಪಿಂಡಿಯಲ್ಲಿ ಪರದೆಯೊಳಗೆ ಬದುಕುವ ಗೋಷಾ ಹೆಂಗಸರು ಗಂಡು ವೈದ್ಯರಿಗೆ ತೋರಿಸಲಾರದೆ ಸಾಯುತ್ತಿದ್ದಾರೆಂದು ತಿಳಿದು ಎಪ್ಪತ್ತರ ವಯಸ್ಸಿನಲ್ಲಿ ಭಾರತಕ್ಕೆ ಬಂದು ಅಲ್ಲಿ ಹೆಂಗಸರು ಮಕ್ಕಳಿಗಾಗಿ ಸೇಂಟ್ ಕ್ಯಾಥರೀನ್ ಆಸ್ಪತ್ರೆಗೆ ನೆಲೆ ಹಾಕಿದರು. ಎಪ್ಪತ್ತರಲ್ಲಿ! ನಮ್ಮ ಕಡೆ ಆ ವಯಸ್ಸಿಗೆ ಕಾಶಿಗೆ ಹೊರಡುತ್ತಾರೆ.

ಎರಡು ಕಡೆಯ ಪರದೆ

ಇನ್ನು ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಆಗ್ನೆಸ್ ಆಸ್ಪತ್ರೆಯನ್ನು ಕಟ್ಟಿದರು, ಆದರೆ ಅಲ್ಲಿ ಉಳಿದು ದುಡಿಯುವ ವೈದ್ಯೆಯರು ಬೇಕಲ್ಲ? ಮದುವೆಯಾಗಿ ಹೋಗದ, ಸಂಬಳ ನೋಡದ, ಜೀವನಪೂರ್ತಿ ಇರಬಲ್ಲ ಹೆಂಗಸರೆಂದರೆ ಸನ್ಯಾಸಿನಿಯರು. ಆದರೆ ಸನ್ಯಾಸಿನಿಯರು ವೈದ್ಯಕೀಯ ಮಾಡುವಂತಿರಲಿಲ್ಲ. ಪಾದ್ರಿಗಳು ಶಸ್ತ್ರಚಿಕಿತ್ಸೆ ಮಾಡಬಾರದೆಂದು 1215ರ ಕ್ಯಾಥೊಲಿಕ್ ಧರ್ಮಸಭೆಯ ಕಾಲದಿಂದ ಬಂದ ಕಟ್ಟಳೆಗಳಿದ್ದವು. ಅದರ ಮೇಲೆ, ಸನ್ಯಾಸಿನಿಯರು ಹೆರಿಗೆಯ ಕೆಲಸಕ್ಕೆ ಕೈ ಹಾಕಬಾರದೆಂಬ ನಿರ್ಬಂಧವೂ ಇತ್ತು. ಬ್ರಹ್ಮಚರ್ಯದ ಹರಕೆ ಹೊತ್ತವರು ಹೆರಿಗೆಯ ಕೋಣೆಯಲ್ಲಿ ನಿಲ್ಲಬಾರದು, ಅದು ಅವರ ಘನತೆಗೆ ತಕ್ಕದ್ದಲ್ಲ ಎಂಬುದು ಒಳಗಿನ ಭಾವನೆ. ಆಗ್ನೆಸ್ ಇದನ್ನು ಬದಲಿಸಿ ಎಂದು ಬೇಡಿಕೊಳ್ಳಲು ಆ ವಯಸ್ಸಿನಲ್ಲಿ ಐದು ಸಲ ರೋಮ್‌ಗೆ ಹೋದರು. ಬದಲಾಗಲಿಲ್ಲ. 1913ರಲ್ಲಿ ತೀರಿಕೊಂಡರು.

ಹೀಗೆ ನೋಡಿ. ಒಂದು ಕಡೆ, ಮರ್ಯಾದೆಗೆ ಅಂಜಿ ಗಂಡು ವೈದ್ಯನ ಮುಂದೆ ಸೆರಗು ಸರಿಸದ ಹೆಂಗಸು. ಇನ್ನೊಂದು ಕಡೆ, ಮರ್ಯಾದೆಯ ಹೆಸರಿನಲ್ಲಿ ಅವಳ ಬಳಿಗೆ ಹೋಗದಂತೆ ತಡೆಯಲ್ಪಟ್ಟ ಇನ್ನೊಬ್ಬ ಹೆಂಗಸು. ನಡುವೆ ಇದ್ದದ್ದು ಎರಡು ಪರದೆಯಲ್ಲ, ಒಂದೇ. ರಾವಲ್ಪಿಂಡಿಯ ಜನಾನಾದಲ್ಲಿ ಅದಕ್ಕೆ ಒಂದು ಹೆಸರು, ರೋಮ್‌ನ ಕಟ್ಟಳೆಯ ಪುಸ್ತಕದಲ್ಲಿ ಇನ್ನೊಂದು ಹೆಸರು, ನಮ್ಮ ಬಚ್ಚಲುಮನೆಯಲ್ಲಿ ಮತ್ತೊಂದು. ಹೆಣ್ಣಿನ ಮೈ ಎಂದರೆ ನೋಡಬಾರದ್ದು, ಮುಟ್ಟಬಾರದ್ದು, ಹೆಸರೆತ್ತಬಾರದ್ದು ಎಂದು ಇಷ್ಟು ದೂರದ, ಇಷ್ಟು ಬೇರೆಯಾದ ಜನ ಹೇಗೆ ಒಂದೇ ರೀತಿ ಒಪ್ಪಿಕೊಂಡರು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಈ ಒಪ್ಪಂದಕ್ಕೆ ತೆತ್ತವರು ಮಾತ್ರ ಎಲ್ಲ ಕಡೆಯೂ ಹೆರುವವರು, ಹುಟ್ಟುವವರು, ಗಂಟು ಬಚ್ಚಿಟ್ಟುಕೊಂಡವರು.

ಆ ಪರದೆಯನ್ನು ಬೇರೆಬೇರೆ ಹೆಂಗಸರು ಬೇರೆಬೇರೆ ರೀತಿಯಲ್ಲಿ ದಾಟಿದರು. ಆಸ್ಟ್ರಿಯಾದ ಆನಾ ಡೆಂಗೆಲ್ ಎಂಬ ಹುಡುಗಿ ಆಗ್ನೆಸ್ ಜೊತೆ ಪತ್ರ ವ್ಯವಹಾರ ಮಾಡಿದಳು. ಇಬ್ಬರೂ ಮುಖಾಮುಖಿಯಾಗಲೇ ಇಲ್ಲ. ಭಾರತದಲ್ಲಿ ವೃತ್ತಿ ಮಾಡಬೇಕಾದರೆ ಬ್ರಿಟಿಷ್ ಆಳ್ವಿಕೆ ಒಪ್ಪುವ ಪದವಿ ಬೇಕು, ಐರ್ಲೆಂಡಿನ ಕಾರ್ಕ್‌ನಲ್ಲಿ ಓದು ಎಂಬುದು ಆಗ್ನೆಸ್ ಕೊಟ್ಟ ಸಲಹೆ. ಮತ್ತೆ ಐರ್ಲೆಂಡ್! ಮಹಾಯುದ್ಧದ ಉದ್ದಕ್ಕೂ ಶತ್ರುದೇಶದ ಪ್ರಜೆಯೆಂಬ ಹಣೆಪಟ್ಟಿ ಹೊತ್ತು ಆನಾ ಕಾರ್ಕ್‌ನಲ್ಲಿ ಓದಿ 1919ರಲ್ಲಿ ಪದವಿ ಪಡೆದು ಮರುವರ್ಷ ರಾವಲ್ಪಿಂಡಿ ಸೇರಿದರು. 1925ರಲ್ಲಿ ವಾಷಿಂಗ್ಟನ್‌ನಲ್ಲಿ ಅವರು ಮೆಡಿಕಲ್ ಮಿಷನ್ ಸಿಸ್ಟರ್ಸ್ ಎಂಬ ಬಳಗವನ್ನು ಕಟ್ಟಿದಾಗ ಯಾರೂ ವಿಧ್ಯುಕ್ತ ಸನ್ಯಾಸದ ಹರಕೆ ಹೊರಲಿಲ್ಲ. ಹೊತ್ತಿದ್ದರೆ ಹೆರಿಗೆ ಮಾಡಿಸುವಂತಿರಲಿಲ್ಲ. ಸನ್ಯಾಸಿನಿಯರಂತೆಯೇ ಬದುಕಿದರು, ಹೆಸರನ್ನು ಮಾತ್ರ ಬಿಟ್ಟುಕೊಟ್ಟರು. (1948ರಲ್ಲಿ ಲೊರೆಟೊ ಮಠ ಬಿಟ್ಟು ಹೊರಬಂದ ಮದರ್ ತೆರೇಸಾ ಶುಶ್ರೂಷೆ ಕಲಿಯಲು ಹೋದದ್ದು ಪಟ್ನಾದಲ್ಲಿದ್ದ ಇದೇ ಬಳಗದ ಆಸ್ಪತ್ರೆಗೆ. ಅನ್ನ, ಉಪ್ಪಿನಲ್ಲೇ ದಿನ ಕಳೆಯುತ್ತೇವೆ ಎಂದ ಅವರಿಗೆ, ಹೊಟ್ಟೆತುಂಬ ಪುಷ್ಟಿಯಾಗಿ ಉಣ್ಣದಿದ್ದರೆ ರೋಗಿಗಳ ಸೇವೆ ಎಲ್ಲಿಂದ ಬಂತು ಎಂದು ತಿದ್ದಿದವರೂ ಈ ವೈದ್ಯೆಯರೇ.)

ಮೇರಿ ಗ್ಲೌರಿ ಹಿಡಿದ ದಾರಿ ಬೇರೆ. ಅವರು 1920ರ ಜನವರಿಯಲ್ಲಿ ಮೆಲ್ಬರ್ನ್ ಬಿಟ್ಟು ಫೆಬ್ರವರಿ 12ರಂದು ಗುಂಟೂರು ತಲುಪಿದರು. ಅಲ್ಲಿ ಜೀಸಸ್ ಮೇರಿ ಜೋಸೆಫ್ ಎಂಬ ಡಚ್ ಮೂಲದ ಸನ್ಯಾಸಿನಿಯರ ಸಭೆಯನ್ನು ಸೇರಿ ಸಿಸ್ಟರ್ ಮೇರಿ ಆಫ್ ದಿ ಸೇಕ್ರೆಡ್ ಹಾರ್ಟ್ ಆದರು. ಅವರಿಗೆ ಹರಕೆಯೂ ಬೇಕಿತ್ತು, ಸ್ಟೆಥೊಸ್ಕೋಪೂ ಬೇಕಿತ್ತು. ಸನ್ಯಾಸಿನಿಯಾಗಿದ್ದುಕೊಂಡೇ ವೈದ್ಯಕೀಯ ಮಾಡಲು ಅವರಿಗೆ ಪೋಪ್ ಹದಿನೈದನೆಯ ಬೆನೆಡಿಕ್ಟರ ವಿಶೇಷ ಅನುಮತಿ ಸಿಕ್ಕಿತು. ಜಗತ್ತಿನ ಮೊದಲ ವೈದ್ಯ ಸನ್ಯಾಸಿನಿ ಎಂದು ಅವರನ್ನು ಇಂದು ಗುರುತಿಸುತ್ತಾರೆ. ಒಬ್ಬರಿಗೆ ಸಿಕ್ಕ ಅನುಮತಿ ಎಲ್ಲರಿಗೂ ಸಿಗಲು 1936ರ ಫೆಬ್ರವರಿ ಬರಬೇಕಾಯಿತು. ಆಗ್ನೆಸ್ ತೀರಿಕೊಂಡು ಇಪ್ಪತ್ಮೂರು ವರ್ಷಕ್ಕೆ ರೋಮ್ ತನ್ನ ಮಾತನ್ನು ಬದಲಿಸಿತು. ಬಾಗಿಲು ತೆರೆದ ಮರುವರ್ಷವೇ, 1937ರಲ್ಲಿ, ಡಬ್ಲಿನ್ ಮೂಲದ ಮೇರಿ ಮಾರ್ಟಿನ್ ನೈಜೀರಿಯಾದಲ್ಲಿ ಕಾಯಿಲೆಯ ಹಾಸಿಗೆಯಿಂದಲೇ ಹರಕೆ ಹೊತ್ತು ವೈದ್ಯಸೇವೆಯ ಸನ್ಯಾಸಿನೀ ಸಭೆಯೊಂದನ್ನು ಹುಟ್ಟುಹಾಕಿದರು. ಮುಂದೆ 1963ರಲ್ಲಿ ಅವರಿಗೆ ಫ್ಲಾರೆನ್ಸ್ ನೈಟಿಂಗೇಲ್ ಪದಕ ಬಂತು. ಅವರ ಕಥೆ ಬರೆದರೆ ಅದೇ ಇನ್ನೊಂದು ಬರಹವಾದೀತು.

ಗುಂಟೂರಿನ ಬಿಸಿಲು

ಗುಂಟೂರಿನಲ್ಲಿ ಮೇರಿಗೆ ಸಿಕ್ಕಿದ್ದು ಆಸ್ಪತ್ರೆಯಲ್ಲ, ಒಂದು ಔಷಧಾಲಯ. ಅದು ಅವರ ಕೈಯಲ್ಲಿ ಬೆಳೆದು ಸೇಂಟ್ ಜೋಸೆಫ್ ಆಸ್ಪತ್ರೆಯಾಯಿತು. ಅವರು ಮಾಡಿದ್ದರಲ್ಲಿ ನನಗೆ ಬಹಳ ದೊಡ್ಡದೆನಿಸುವುದು ಸ್ಥಳೀಯ ಹುಡುಗಿಯರನ್ನು ಕರೆದು ಕಲಿಸಿದ್ದು. ಔಷಧ ಬೆರೆಸುವವರು, ದಾದಿಯರು, ಸೂಲಗಿತ್ತಿಯರು ಅವರ ಕೈಕೆಳಗೆ ತಯಾರಾದರು. ವಿದೇಶದ ಔಷಧವನ್ನೇ ನಂಬಿ ಕೂರದೆ ಇಲ್ಲಿನ ಗಿಡಮೂಲಿಕೆಗಳನ್ನು ಗಮನಿಸಿದರು, ಅಧ್ಯಯನ ಮಾಡಿದರು, ಬಳಸಿದರು. ಮೆಲ್ಬರ್ನ್‌ನಲ್ಲಿ ಎಂ.ಡಿ. ಮಾಡಿದವರು ಗುಂಟೂರಿನ ಹಿತ್ತಿಲ ಸೊಪ್ಪಿನ ಮುಂದೆ ವಿದ್ಯಾರ್ಥಿಯಾಗಲು ಹಿಂಜರಿಯಲಿಲ್ಲ. ಇಂಥ ವಿನಯ ಆ ಕಾಲದ ಬಿಳಿಯರಲ್ಲಿ ಸಾಮಾನ್ಯವಾಗಿರಲಿಲ್ಲ, ಈ ಕಾಲದ ನಮ್ಮವರಲ್ಲೂ ಇಲ್ಲ.

ಅವರು ಮತ್ತೆ ಆಸ್ಟ್ರೇಲಿಯಾಕ್ಕೆ ಹೋಗಲಿಲ್ಲ. ಮೂವತ್ತೇಳು ವರ್ಷ. ತಂದೆ ತಾಯಿಯನ್ನು ಮತ್ತೆ ಕಾಣಲಿಲ್ಲ. ಊರಿಗೆ ಪತ್ರ ಬರೆಯುತ್ತಿದ್ದರು. ನನ್ನ ಅತ್ತೆಯೊಬ್ಬರು ಮದುವೆಯಾಗಿ ಬೊಂಬಾಯಿಗೆ ಹೋದಾಗ ಇನ್‌ಲ್ಯಾಂಡ್ ಪತ್ರದ ಮಡಿಕೆಯ ಒಳಅಂಚಿನಲ್ಲೂ ಸಣ್ಣ ಅಕ್ಷರ ತುಂಬಿ ಕಳಿಸುತ್ತಿದ್ದುದು ನೆನಪಾಗುತ್ತದೆ. ಮೈಲಿಗಳ ಲೆಕ್ಕಕ್ಕಿಂತ ಹಿಂದಿರುಗುವುದಿಲ್ಲ ಎಂಬ ನಿಶ್ಚಯದಿಂದಲೇ ಊರು ದೂರವಾಗುತ್ತದೆ. ಆ ಒಣ ಬಯಲಿನ ಮನೆಯಲ್ಲಿ, ಸಂಜೆಯ ಜಪದ ಹೊತ್ತಿಗೆ, ಒಳ್ಳೆಯ ವೈದ್ಯರನ್ನು ಕೊಡು ಎಂದು ಬೇಡುತ್ತಿದ್ದ ತಾಯಿ ಮಗಳು ಹೋದ ಮೇಲೆ ಏನೆಂದು ಬೇಡಿದರೋ.

ಒಂದು ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮಿಷನರಿಗಳ ಬಗ್ಗೆ ಬರೆದರೆ ಮತಾಂತರದ ಮಾತು ಬಂದೇ ಬರುತ್ತದೆ. ನಾನು ಕ್ರೈಸ್ತಳಲ್ಲ. ಮೇರಿ ಮತ್ತು ಆಗ್ನೆಸ್ ತಮ್ಮ ದೇವರ ಹೆಸರಿನಲ್ಲಿ ಬಂದರು, ಅದನ್ನು ಮುಚ್ಚಿಡಲಿಲ್ಲ. ಬ್ರಿಟಿಷ್ ಆಳ್ವಿಕೆಯ ಹಡಗಿನಲ್ಲಿ, ಅದೇ ಆಳ್ವಿಕೆ ಕೊಟ್ಟ ಅನುಕೂಲದಲ್ಲಿ ಬಂದರು ಎಂಬುದೂ ನಿಜ. ತಮ್ಮ ನಂಬಿಕೆಯೇ ಸರಿಯೆಂದು ಅವರು ತಿಳಿದಿದ್ದರು. ಅದನ್ನು ನಾನು ಒಪ್ಪಬೇಕಾಗಿಲ್ಲ. ಆದರೆ ಮೂರು ದಿನದಿಂದ ಹೆರಿಗೆಯ ನೋವು ತಿನ್ನುತ್ತಿರುವ ಹೆಣ್ಣಿನ ಮನೆಯ ಬಾಗಿಲಲ್ಲಿ ನಿಂತು ನಾವು ಈ ಚರ್ಚೆ ಮಾಡಲಾರೆವು. ಆಗ ಕೇಳುವುದು ಒಂದೇ ಮಾತು, ಯಾರಾದರೂ ಬಂದರೇ? ಬಂದವರು ಇವರು. ನಮ್ಮವರು ಬರಬೇಕಿತ್ತು, ಬರಲಿಲ್ಲ, ಅಥವಾ ಬರಬಲ್ಲ ನಮ್ಮ ಹೆಣ್ಣುಮಕ್ಕಳನ್ನು ನಾವು ಓದಿಸಿರಲಿಲ್ಲ. ಆ ನಾಚಿಕೆ ನಮ್ಮದಾಗಿಯೇ ಉಳಿಯುತ್ತದೆ. ನಮ್ಮ ನೆಲದಲ್ಲೂ ಈ ಕೊರತೆಯನ್ನು ಕಂಡು ಕೈ ಚಾಚಿದವರಿದ್ದರು. ಬೆಂಗಳೂರಿನ ಶಿವಾಜಿನಗರದ ಗೋಷಾ ಆಸ್ಪತ್ರೆ ಹಾಜಿ ಸರ್ ಇಸ್ಮಾಯಿಲ್ ಸೇಠರ ಕೊಡುಗೆ. ಗೋಷಾ ಎಂಬ ಆ ಹೆಸರನ್ನು ಬಸ್ಸಿನ ಕಿಟಕಿಯಿಂದ ನೂರು ಸಲ ಓದಿದ್ದೇನೆ. ಅದರ ಅರ್ಥ ನನ್ನ ಅಜ್ಜಿಯ ಮುಷ್ಟಿಯಲ್ಲಿತ್ತೆಂದು ಈಗ ತಿಳಿಯುತ್ತಿದೆ. ಅವಳು ಗೋಷಾ ಹಾಕಿದವಳಲ್ಲ, ಸಂತೆಗೆ ಒಬ್ಬಳೇ ಹೋಗಿ ಚೌಕಾಸಿ ಮಾಡಿ ಬರುತ್ತಿದ್ದವಳು. ಆದರೂ ಅವಳ ಗೋಷಾ ಆಸ್ಪತ್ರೆಯ ಬಾಗಿಲಲ್ಲಿ ಕಾದಿರುತ್ತಿತ್ತು.

1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಮೇರಿ ಗುಂಟೂರಿನಲ್ಲಿ ಬೆರಳೆಣಿಕೆಯ ಸನ್ಯಾಸಿನಿಯರನ್ನು ಕೂಡಿಸಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು ಆರಂಭಿಸಿದರು. ಆ ಸಂಘದಲ್ಲಿ ಇಂದು ಮೂರು ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿವೆ. ನಮ್ಮ ಹೆಣ್ಣುಮಕ್ಕಳು ಇಲ್ಲೇ ಓದಿ ವೈದ್ಯರಾಗಬೇಕು ಎಂಬ ಹಂಬಲ ಸಂಘದ ಜೊತೆಗೇ ಬೆಳೆಯಿತು. ಕಡೆಯ ದಿನಗಳಲ್ಲಿ ಅವರ ಮೈಯನ್ನೇ ಕ್ಯಾನ್ಸರ್ ಹಿಡಿದಾಗ ಬೆಂಗಳೂರಿಗೆ ಬಂದರು, ಇಲ್ಲಿಯೇ ಕಣ್ಣು ಮುಚ್ಚಿದರು. 2013ರಲ್ಲಿ ಚರ್ಚು ಅವರನ್ನು ‘ದೇವರ ಸೇವಕಿ’ ಎಂದು ಘೋಷಿಸಿತು; ಸಂತ ಪದವಿಯ ದಾರಿಯ ಮೊದಲ ಮೆಟ್ಟಿಲು ಅದು. ಅವರು ಸಂತರಾಗುವರೋ ಇಲ್ಲವೋ ಎಂಬುದಕ್ಕಿಂತ ನನ್ನ ಮನಸ್ಸು ಬೇರೆಲ್ಲೋ ಹೋಗುತ್ತದೆ. ಸಾವಿರಾರು ಹೆಂಗಸರ ಮೈಯನ್ನು ನಾಚಿಕೆಯ ಕೈಯಿಂದ ಬಿಡಿಸಿದವರು ತಾವೇ ರೋಗಿಯಾಗಿ ಮಲಗಿದಾಗ ಅವರನ್ನು ಮುಟ್ಟಿ ನೋಡಿದ ಕೈ ಬೆಚ್ಚಗಿತ್ತೇ?

ಗುರುವಾರ

ಈ ಬರಹವನ್ನು ಎರಡು ತಿಂಗಳ ಹಿಂದೆಯೇ ಆರಂಭಿಸಿ ನಿಲ್ಲಿಸಿದ್ದೆ. ಕಳೆದ ವಾರ ಊರಿಗೆ ಹೋಗಿದ್ದಾಗ ಮನೆಯ ಹಿಂದಿನ ಓಣಿಯ ಹೆಂಗಸೊಬ್ಬರ ಜೊತೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕಾಯಿತು. ಐವತ್ತರ ಆಸುಪಾಸು, ಹೂ ಕಟ್ಟಿ ಮಾರುವವರು. ಏನು ತೊಂದರೆ ಎಂದು ದಾರಿಯುದ್ದಕ್ಕೂ ಹೇಳಲಿಲ್ಲ. ಸೊಂಟನೋವು ಎಂದರು, ನಾನೂ ಹೆಚ್ಚು ಕೆದಕಲಿಲ್ಲ. ಚೀಟಿ ಬರೆಯುವ ಕಿಟಕಿಯ ಮುಂದೆ ನಮ್ಮ ಸರದಿ ಬಂದಾಗ ಅವರು ನನ್ನನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಗಾಜಿನ ಕೆಳಗಿನ ಸಣ್ಣ ಕಿಂಡಿಗೆ ಬಾಯಿಟ್ಟು ಮೆಲ್ಲಗೆ ಕೇಳಿದರು, ‘ಲೇಡಿ ಡಾಕ್ಟರ್ ಇದ್ದಾರೆಯೇ?’

ಒಳಗಿದ್ದ ಹುಡುಗ ತಲೆ ಎತ್ತದೆ, ‘ಗುರುವಾರ ಬರುತ್ತಾರೆ’ ಎಂದ.

ಅಂದು ಶುಕ್ರವಾರ. ಆಕೆ ಕಿಂಡಿಯಿಂದ ಮುಖ ತೆಗೆದು, ಹೂವಿನ ದಾರ ಎಳೆದು ಎಳೆದು ಗೆರೆ ಬಿದ್ದ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ದಿನ ಎಣಿಸಿದರು. ಆರನೆಯ ಬೆರಳಿಗೆ ಇನ್ನೊಂದು ಕೈ ಬೇಕಾಯಿತು. ‘ಹಾಗಾದರೆ ಗುರುವಾರವೇ ಬರೋಣ’ ಎಂದರು. ನಾನು ಅವರ ಕೈ ಹಿಡಿದುಕೊಂಡು, ಎಷ್ಟು ದಿನದಿಂದ ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಯುಗಾದಿಯಿಂದ’ ಎಂದರು.

ನಾವು ಮನೆಗೆ ಹೋಗಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ತುಮಕೂರಿನ ಬಸ್ಸು ಹತ್ತಿದೆವು.